ಕುದುರೆ ಲಾಯದಲ್ಲಿ ಮೇಲೇರುವ ದಾರಿ

(ಎಸ್ಟೇಟ್ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ರೇಸ್ ಕುದುರೆಗಳ ಲಾಯದಲ್ಲಿ ಸಿಗುವ ಕೆಲಸ ಎಂಥದು, ನಮ್ಮ ಹುಡುಗರು ಅಲ್ಲಿಗೆ ಹೋದರೆ ಸೈಸ್ ಆಗಿಯೇ ಮುದುಕರಾಗಬೇಕೇ ಅಥವಾ ಅಸಿಸ್ಟೆಂಟ್ ಟ್ರೇನರ್ ಆಗುವ ದಾರಿಯೂ ಉಂಟೇ ಎಂಬುದರ ಬಗ್ಗೆ ಮಾತನಾಡಬೇಕೆಂದು ಕೇಳಿದ್ದೀರಿ. ನಾನು ದೊಡ್ಡ ಭಾಷಣಕಾರನಲ್ಲ. ಲಾಯದಲ್ಲಿ ಬಹುಕಾಲ ದುಡಿದವನು. ಕಂಡದ್ದನ್ನು, ತಿಳಿದದ್ದನ್ನು ಹೇಳುತ್ತೇನೆ.

ಮೊದಲು ಒಂದು ಸಂಶಯವನ್ನು ತೀರಿಸಿಕೊಳ್ಳೋಣ. ರೇಸ್ ಎಂಬ ಮಾತು ಕಿವಿಗೆ ಬಿದ್ದೊಡನೆ ಇಲ್ಲಿ ಕೆಲವು ತಾಯಂದಿರ ಮುಖ ಬಾಡಿತು. ಅದು ಸಹಜ. ನಮ್ಮ ಲೈನ್ ಮನೆಗಳಲ್ಲಿ ರೇಸ್ ಎಂದರೆ ಸಂಬಳದ ದಿನ ಮನೆಗೆ ಬಾರದೆ ಹೋದ ಹಣ. ಅಂಗಡಿ ಸಾಲ ಹಾಗೆಯೇ ಉಳಿಯಿತು, ಮಗುವಿಗೆ ಶಾಲೆಯ ಫೀಸು ಕಟ್ಟಲಿಲ್ಲ, ಅಪ್ಪ ಮಾತ್ರ ಮುಂದಿನ ವಾರ ನೋಡು ಎನ್ನುತ್ತಾ ಕುಳಿತ. ಇಂಥ ಮನೆಗಳನ್ನು ನೀವೂ ಕಂಡಿದ್ದೀರಿ, ನಾನೂ ಕಂಡಿದ್ದೇನೆ. ಕುದುರೆ ರೇಸು ಬರೀ ಅದೃಷ್ಟದ ಆಟವಲ್ಲ, ಅದರಲ್ಲಿ ಕೌಶಲ್ಯವೇ ಮುಖ್ಯ ಎಂದು ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪು ಕೊಟ್ಟಿತು. ಮದ್ರಾಸ್ ರೇಸ್ ಕ್ಲಬ್ಬಿಗೆ ಸಂಬಂಧಿಸಿದ ಮೊಕದ್ದಮೆ ಅದು. ಆದರೆ ಆ ಕೌಶಲ್ಯ ಯಾರದು? ಕುದುರೆಯನ್ನು ಸಾಕಿದವನದು, ತರಬೇತಿ ಕೊಟ್ಟವನದು, ಏರಿ ಓಡಿಸಿದವನದು. ಕಿಟಕಿಯ ಮುಂದೆ ಚೀಟಿ ಹಿಡಿದು ನಿಂತ ಕೂಲಿಯವನ ಮನೆಯಲ್ಲಿ ಆ ತೀರ್ಪಿನಿಂದ ಒಲೆ ಉರಿಯುವುದಿಲ್ಲ. ಆದುದರಿಂದ ಇಂದು ನಾನು ಕಿಟಕಿಯ ಕಡೆಯ ಮಾತು ಆಡುವುದಿಲ್ಲ, ಲಾಯದ ಕಡೆಯ ಮಾತು ಆಡುತ್ತೇನೆ. ಒಂದು ಹಣ ಕಳೆಯುವ ಜಾಗ, ಇನ್ನೊಂದು ದುಡಿದು ತಿನ್ನುವ ಜಾಗ. ಇವೆರಡನ್ನೂ ಬೇರೆ ಬೇರೆಯಾಗಿ ನೋಡಬಲ್ಲ ಹುಡುಗ ಮಾತ್ರ ಅಲ್ಲಿಗೆ ಹೋಗಲಿ. ನೋಡಲಾರದವನು ಹೋಗದಿರುವುದೇ ಮೇಲು.

ಇನ್ನು ನಮ್ಮ ಬೆಟ್ಟಕ್ಕೂ ಈ ವಿಷಯಕ್ಕೂ ಇದ್ದ ನಂಟು. ಊಟಿಯ ರೇಸ್ ಮೈದಾನ ನಿಮಗೆಲ್ಲ ಗೊತ್ತು. ಬಸ್ ನಿಲ್ದಾಣದಲ್ಲಿ ಇಳಿದರೆ ಕಣ್ಣೆದುರಿಗೇ ಇತ್ತು. ಬಯಲು ಸೀಮೆಯಲ್ಲಿ ಬಿಸಿಲು ಏರುವ ಏಪ್ರಿಲ್ ತಿಂಗಳಿಗೆ ಕುದುರೆಗಳು ಲಾರಿಯಲ್ಲಿ ಘಾಟಿ ಹತ್ತಿ ಬರುತ್ತಿದ್ದವು, ಮಳೆ ಬಲಿಯುವ ಹೊತ್ತಿಗೆ ಇಳಿದು ಹೋಗುತ್ತಿದ್ದವು. ಆ ಎರಡು ಮೂರು ತಿಂಗಳು ಹುಲ್ಲು ಹೊರಲು, ಲಾಯ ತೊಳೆಯಲು ನಮ್ಮ ಕಡೆಯ ಹುಡುಗರಿಗೂ ಕೆಲಸ ಸಿಗುತ್ತಿತ್ತು. ಗುತ್ತಿಗೆಯ ಬಾಕಿಯ ವ್ಯಾಜ್ಯದ ಕೊನೆಗೆ 2024ರ ಜೂನ್ ತಿಂಗಳಲ್ಲಿ ತಮಿಳುನಾಡು ಸರ್ಕಾರ ಸುಮಾರು 52 ಎಕರೆಯ ಆ ಜಾಗವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಹಾಗಾಗಿ ಈಗ ಈ ಕೆಲಸ ಬೇಕೆನ್ನುವವನು ಊರು ಬಿಟ್ಟು ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು. ಊರು ಬಿಟ್ಟು ಹೋಗುವಾಗ ಏನನ್ನು ಹಿಡಿದುಕೊಂಡು ಹೋಗಬೇಕು ಎಂಬುದೇ ನನ್ನ ಇಂದಿನ ಮಾತಿನ ಸಾರ.

ಕುದುರೆ ಕಂಡರೆ ಕಾಲು ನೋವು ಎಂದು ನಮ್ಮಲ್ಲಿ ಗಾದೆ ಇದೆ. ಲಾಯದ ಕೆಲಸಕ್ಕೆ ಹೋದವನಿಗೆ ಅದು ತಿರುವುಮುರುವು. ಅಲ್ಲಿ ನಮ್ಮ ಕಾಲು ನೋವನ್ನು ಯಾರೂ ಕೇಳುವುದಿಲ್ಲ. ದಿನವಿಡೀ ಕುದುರೆಯ ಕಾಲು ನೋವನ್ನು ಹುಡುಕುವುದೇ ಕೆಲಸ. ಏಕೆಂದು ಹೇಳುತ್ತೇನೆ.

ರೇಸಿಗೆ ಓಡುವ ಕುದುರೆ ಟಾಂಗಾ ಕುದುರೆಯಂತಲ್ಲ. ಅದಕ್ಕೆ ಥರೋಬ್ರೆಡ್ ಎಂದು ಹೆಸರು. ಸುಮಾರು ಮುನ್ನೂರು ವರ್ಷಗಳ ಹಿಂದೆ ಪೂರ್ವ ದೇಶಗಳಿಂದ ಇಂಗ್ಲೆಂಡಿಗೆ ಗಂಡು ಕುದುರೆಗಳನ್ನು ತಂದು ಅಲ್ಲಿಯ ಹೆಣ್ಣು ಕುದುರೆಗಳೊಂದಿಗೆ ಕೂಡಿಸಿ ಬೆಳೆಸಿದ ತಳಿ ಇದು. ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಎಂಬ ಮೂರು ಗಂಡು ಕುದುರೆಗಳಿಗೆ ಇಂದಿನ ಎಲ್ಲ ಥರೋಬ್ರೆಡ್ ಕುದುರೆಗಳ ಗಂಡು ಸಂತತಿ ಹೋಗಿ ಮುಟ್ಟುತ್ತದೆ. 1791ರಲ್ಲಿ ವೆದರ್‌ಬಿ ಎಂಬಾತ ಈ ವಂಶಾವಳಿಯನ್ನು ಪುಸ್ತಕ ಮಾಡಿ ಅಚ್ಚು ಹಾಕಿಸಿದ. ಇಂದು ವಂಶಾವಳಿಯ ಪುಸ್ತಕದಲ್ಲಿ ಹೆಸರಿಲ್ಲದ ಕುದುರೆಗೆ ಥರೋಬ್ರೆಡ್ ರೇಸಿನಲ್ಲಿ ಜಾಗವಿಲ್ಲ. ಈ ಮಾತನ್ನು ನೆನಪಿಡಿ. ಕುದುರೆಯೇ ಆದರೂ ಕಾಗದದಲ್ಲಿ ಹೆಸರಿರಬೇಕು. ಮನುಷ್ಯನ ಮಾತಿಗೆ ಆಮೇಲೆ ಬರುತ್ತೇನೆ.

ಈ ಕುದುರೆ 450ರಿಂದ 500 ಕಿಲೋ ತೂಗುತ್ತದೆ. ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಅಷ್ಟು ಭಾರ ಹೊತ್ತು ಅಷ್ಟು ವೇಗವಾಗಿ ನೆಲಕ್ಕೆ ಬಡಿಯುವ ಕಾಲು ಎಷ್ಟು ದಪ್ಪ? ಮುಂಗಾಲಿನ ಮಂಡಿಯಿಂದ ಕೆಳಗೆ ಮಾಂಸವೇ ಇಲ್ಲ. ಎಲುಬು, ಎಲುಬಿನ ಹಿಂದೆ ಹಗ್ಗದಂತೆ ಇಳಿದ ನರ, ಮೇಲೆ ಚರ್ಮ, ಅಷ್ಟೇ. ವೈದ್ಯರು ಆ ನರವನ್ನು ಟೆಂಡನ್ ಎನ್ನುತ್ತಾರೆ. ಅದರಲ್ಲಿ ಎಳೆ ಹರಿದರೆ ಕೂಡಿಕೊಳ್ಳಲು ತಿಂಗಳುಗಟ್ಟಲೆ ಬೇಕು, ಕೂಡಿಕೊಂಡರೂ ಮೊದಲಿನ ಬಲ ಬಾರದು. ಹರಿಯುವ ಮೊದಲು ಅದು ಸೂಚನೆ ಕೊಡುವುದುಂಟು. ಒಂದು ಕಾಲು ಇನ್ನೊಂದಕ್ಕಿಂತ ಸ್ವಲ್ಪ ಬೆಚ್ಚಗಿರುತ್ತದೆ, ಸ್ವಲ್ಪ ಊದಿರುತ್ತದೆ, ಬೆರಳಿಟ್ಟು ಒತ್ತಿದರೆ ಕುದುರೆ ಕಾಲನ್ನು ಸರಿಸುತ್ತದೆ. ಬೆಳಗಿನ ಕತ್ತಲೆಯಲ್ಲಿ, ಕುದುರೆ ಲಾಯದಿಂದ ಹೊರಗೆ ಬರುವ ಮೊದಲೇ ಇದನ್ನು ಕೈಯಿಂದ ಕಂಡುಹಿಡಿಯಬೇಕು.

ಈ ಕೈ ಯಾರಲ್ಲಿದೆ? ಸೈಸ್‌ನಲ್ಲಿದೆ. ಟ್ರೇನರಿಗೆ ನಲವತ್ತು ಐವತ್ತು ಕುದುರೆ ಇರಬಹುದು. ಸೈಸ್‌ಗೆ ಎರಡೋ ಮೂರೋ. ಅವನು ಅವುಗಳ ಪಕ್ಕದಲ್ಲೇ ಇರುತ್ತಾನೆ. ರಾತ್ರಿ ಯಾವ ಕುದುರೆ ಮೇವು ಬಿಟ್ಟಿತು, ಯಾವುದು ಮಲಗಲಿಲ್ಲ, ಯಾವುದರ ಲದ್ದಿ ಗಟ್ಟಿಯಾಯಿತು ಎಂಬುದು ಅವನಿಗೇ ಮೊದಲು ಗೊತ್ತಾಗುವುದು.

ಲಾಯದ ವ್ಯವಸ್ಥೆ ನಮ್ಮ ಎಸ್ಟೇಟಿನ ವ್ಯವಸ್ಥೆಯನ್ನು ಹೋಲುತ್ತದೆ. ಸೊಪ್ಪು ಕೊಯ್ಯುವವರ ಮೇಲೆ ಮೇಸ್ತ್ರಿ, ಮೇಸ್ತ್ರಿಯ ಮೇಲೆ ರೈಟರ್, ಅವರ ಮೇಲೆ ಅಸಿಸ್ಟೆಂಟ್ ಮ್ಯಾನೇಜರ್, ಎಲ್ಲರ ಮೇಲೆ ಮ್ಯಾನೇಜರ್. ಹಾಗೆಯೇ ಅಲ್ಲಿ ಸೈಸ್‌ಗಳ ಮೇಲೆ ಜಮಾದಾರ ಎಂಬ ಹಿರಿಯ ಸೈಸ್, ಅವನ ಮೇಲೆ ಅಸಿಸ್ಟೆಂಟ್ ಟ್ರೇನರ್, ಮೇಲೆ ಟ್ರೇನರ್. ಬೆಳಗ್ಗೆ ಕುದುರೆಯನ್ನು ಏರಿ ಅಭ್ಯಾಸ ಮಾಡಿಸುವ ಸವಾರರು ಬೇರೆ, ಪಂದ್ಯದ ದಿನ ಓಡಿಸುವ ಜಾಕಿಗಳು ಬೇರೆ. ಲಾಳ ಕಟ್ಟುವವರು, ಪಶುವೈದ್ಯರು ಇವರೂ ಬಂದು ಹೋಗುತ್ತಾರೆ. ಕುದುರೆಯ ಒಡೆಯ ತಿಂಗಳಿಗಿಷ್ಟು ಎಂದು ಟ್ರೇನರಿಗೆ ಹಣ ಕೊಡುತ್ತಾನೆ, ಅದರಿಂದ ಮೇವು, ಸಂಬಳ ಎಲ್ಲವೂ ನಡೆಯಬೇಕು.

ಎಸ್ಟೇಟಿನಲ್ಲಿ ಸೊಪ್ಪು ಕೊಯ್ಯುತ್ತಿದ್ದವನು ಮೇಸ್ತ್ರಿಯಾದದ್ದನ್ನು ನೀವು ಕಂಡಿದ್ದೀರಿ. ಮೇಸ್ತ್ರಿ ಅಸಿಸ್ಟೆಂಟ್ ಮ್ಯಾನೇಜರ್ ಆದದ್ದನ್ನು ಎಷ್ಟು ಮಂದಿ ಕಂಡಿದ್ದೀರಿ? ಕೈ ಎತ್ತಿ ಎಂದರೆ ಹೆಚ್ಚು ಕೈ ಏಳಲಿಕ್ಕಿಲ್ಲ. ಲಾಯದಲ್ಲೂ ಹಾಗೆಯೇ. ಸೈಸ್ ಜಮಾದಾರನಾಗುತ್ತಾನೆ, ಅಲ್ಲಿಗೆ ನಿಲ್ಲುತ್ತಾನೆ. ಅವನಿಗೆ ಕುದುರೆ ಗೊತ್ತಿಲ್ಲ ಎಂದಲ್ಲ. ನಡುವೆ ಒಂದು ಬಾಗಿಲು ಇದೆ, ಆ ಬಾಗಿಲಿನ ಬೀಗದ ಕೈ ಅಕ್ಷರ.

ಅಸಿಸ್ಟೆಂಟ್ ಟ್ರೇನರ್ ದಿನವಿಡೀ ಮಾಡುವ ಕೆಲಸವನ್ನು ಹೇಳಿದರೆ ಇದು ನಿಮಗೆ ತಿಳಿಯುತ್ತದೆ. ಬೆಳಕು ಹರಿಯುವ ಮೊದಲೇ ಅವನು ಲಾಯದಲ್ಲಿರಬೇಕು. ಸೈಸ್ ಹೇಳಿದ್ದನ್ನು ಕೇಳಿ, ತಾನೂ ಒಂದೊಂದು ಕುದುರೆಯ ಕಾಲು ಮುಟ್ಟಿ ನೋಡಬೇಕು. ಮೈ ಬಿಸಿ ಅಳೆಯಬೇಕು. ಆರೋಗ್ಯವಂತ ಕುದುರೆಯ ಮೈ ಬಿಸಿ 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್, ಸುಮ್ಮನೆ ನಿಂತಾಗ ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16. ನಿಂತಾಗ ಇಷ್ಟು ನಿಧಾನವಾಗಿ ಬಡಿಯುವ ಹೃದಯ, ಓಟದಲ್ಲಿ ನಿಮಿಷಕ್ಕೆ 200ನ್ನು ದಾಟುತ್ತದೆ. ಓಟ ಮುಗಿದ ಮೇಲೆ ಅದು ಎಷ್ಟು ಬೇಗ ಇಳಿಯುತ್ತದೆ ಎಂಬುದನ್ನು ಎಣಿಸಿ ಬರೆದಿಟ್ಟರೆ ಕುದುರೆ ಬಲಗೊಳ್ಳುತ್ತಿದೆಯೋ ಸೋಲುತ್ತಿದೆಯೋ ಎಂದು ತಿಳಿಯುತ್ತದೆ.

ಅನಂತರ ಯಾವ ಕುದುರೆ ಇಂದು ನಡೆಯಬೇಕು, ಯಾವುದು ನಿಧಾನವಾಗಿ ಓಡಬೇಕು, ಯಾವುದು ಕೊನೆಯ 600 ಮೀಟರ್ ಬಿರುಸಾಗಿ ಓಡಬೇಕು ಎಂಬ ಪಟ್ಟಿ. ಮೈದಾನದ ಅಂಚಿನಲ್ಲಿ ಸ್ಟಾಪ್ ವಾಚ್ ಹಿಡಿದು ನಿಂತು ಕಾಲ ಗುರುತು ಹಾಕಿಕೊಳ್ಳಬೇಕು. ಒಳ್ಳೆಯ ಕುದುರೆ 1200 ಮೀಟರನ್ನು ಒಂದು ನಿಮಿಷ ಹನ್ನೆರಡು ಹದಿನೈದು ಸೆಕೆಂಡಿನಲ್ಲಿ ಮುಗಿಸುತ್ತದೆ. ಒಂದು ಸೆಕೆಂಡಿನಲ್ಲಿ ನಾಲ್ಕೈದು ಕುದುರೆಗಳು ಗೆರೆ ದಾಟಿಬಿಡಬಹುದು. ಆದುದರಿಂದ ಆ ಲೆಕ್ಕದಲ್ಲಿ ಅಂದಾಜು ನಡೆಯದು. ಓಡಿ ಬಂದ ಕುದುರೆಯನ್ನು ತಕ್ಷಣ ಕಟ್ಟಿಹಾಕಬಾರದು. ನಡೆಸಿ, ತಣಿಸಿ, ತೊಳೆದು, ಮತ್ತೆ ಕಾಲು ನೋಡಬೇಕು.

ಮೇವಿನ ಲೆಕ್ಕವೂ ಅವನದೇ. ಕುದುರೆಯ ಮೈ ದೊಡ್ಡದಾದರೂ ಹೊಟ್ಟೆಯ ಚೀಲ ಸಣ್ಣದು. ತಿಂದದ್ದನ್ನು ಅದು ವಾಂತಿ ಮಾಡಲಾರದು. ಹೆಚ್ಚು ತಿಂದರೆ, ಕೆಟ್ಟದ್ದು ತಿಂದರೆ, ನೀರು ಕಡಿಮೆಯಾದರೆ ಹೊಟ್ಟೆಶೂಲೆ ಬಂದು ಕೆಲವು ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಆದುದರಿಂದ ಓಟ್ಸು, ಒಣಹುಲ್ಲು, ಕುದುರೆ ಮಸಾಲೆ ಸೊಪ್ಪು ಇವನ್ನೆಲ್ಲ ತೂಗಿ, ಸ್ವಲ್ಪ ಸ್ವಲ್ಪವಾಗಿ ಹಲವು ಹೊತ್ತು ಕೊಡುತ್ತಾರೆ. ಯಾವ ಕುದುರೆಗೆ ಎಷ್ಟು ಎಂಬುದು ಗೋಡೆಯ ಹಲಗೆಯ ಮೇಲೆ ಬರೆದಿರುತ್ತದೆ. ಓದಲು ಬಾರದವನು ಪಕ್ಕದವನನ್ನು ಕೇಳಬೇಕು. ಪಕ್ಕದವನು ತಪ್ಪು ಹೇಳಿದರೆ ಕುದುರೆ ತಿನ್ನುವುದೂ ತಪ್ಪಾಗುತ್ತದೆ.

ಇದರ ಮೇಲೆ ಕಾಗದದ ಕೆಲಸ. ಯಾವ ಪಂದ್ಯಕ್ಕೆ ಯಾವ ಕುದುರೆಯ ಹೆಸರು ಕೊಡಬೇಕು, ಕೊನೆಯ ದಿನ ಯಾವುದು, ಅದಕ್ಕೆ ಎಷ್ಟು ತೂಕ ಹೊರಿಸಿದ್ದಾರೆ, ವೈದ್ಯರು ಯಾವ ಔಷಧಿ ಯಾವ ದಿನ ಕೊಟ್ಟರು, ಆ ಔಷಧಿ ರಕ್ತದಿಂದ ಇಳಿಯಲು ಎಷ್ಟು ದಿನ ಬೇಕು. ಪಂದ್ಯದ ದಿನ ಕುದುರೆಯ ಮೂತ್ರ, ರಕ್ತ ತೆಗೆದು ಪರೀಕ್ಷೆ ಮಾಡುತ್ತಾರೆ. ನಿಷೇಧಿಸಿದ ವಸ್ತು ಸಿಕ್ಕರೆ ಟ್ರೇನರ್ ಉತ್ತರ ಹೇಳಬೇಕು.

ನಾವು ಚಹಾ ತೋಟದವರು, ಅದಕ್ಕಾಗಿ ಒಂದು ಮಾತು ವಿಶೇಷವಾಗಿ ಹೇಳುತ್ತೇನೆ. ನಮ್ಮ ಚಹಾದಲ್ಲಿರುವ ಕೆಫೀನ್ ಎಂಬ ವಸ್ತು ರೇಸ್ ಕುದುರೆಯಲ್ಲಿ ನಿಷಿದ್ಧ. ಸೈಸ್ ಕುಡಿದು ಉಳಿದ ಚಹಾವನ್ನು ಮೇವಿನ ಬಕೆಟ್ಟಿನಲ್ಲಿ ಚೆಲ್ಲಿದರೆ, ಅದೇ ಬಕೆಟ್ಟಿನಲ್ಲಿ ಕುದುರೆ ತಿಂದರೆ, ಪರೀಕ್ಷೆಯಲ್ಲಿ ಅದು ಕಾಣಿಸಿಕೊಳ್ಳಬಹುದು. ನೋವಿಗೆಂದು ತಾನು ಮಾತ್ರೆ ನುಂಗಿ, ರಾತ್ರಿ ಸೋಮಾರಿತನದಿಂದ ಕುದುರೆಯ ಹುಲ್ಲಿನ ಮೇಲೆ ಮೂತ್ರ ಮಾಡಿದರೂ ಹಾಗೆಯೇ. ಆ ಹುಲ್ಲನ್ನು ಕುದುರೆ ತಿನ್ನುತ್ತದೆ. ಬಡವನ ಕೆಲಸ ಹೋಗಲು ಕಳ್ಳತನವೇ ಬೇಕಾಗಿಲ್ಲ, ಅರ್ಧ ಲೋಟ ಚಹಾ ಸಾಕು. ಇಂಥ ನಿಯಮಗಳು ಪುಸ್ತಕದಲ್ಲಿವೆ. ಬಾಯಿಮಾತಿನಲ್ಲಿ ಎಲ್ಲವನ್ನೂ ಹೇಳಿಕೊಡಲು ಯಾರಿಗೂ ಪುರುಸೊತ್ತು ಇಲ್ಲ.

ನಾನು ಕಂಡ ಒಬ್ಬ ಸೈಸ್‌ನ ಸಂಗತಿ ಹೇಳುತ್ತೇನೆ. ಹೆಸರು ಬೇಡ. ನಮ್ಮ ಹಾಗೆಯೇ ತೋಟದ ಲೈನಿನಲ್ಲಿ ಹುಟ್ಟಿದವನು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದ. ಅವನಂಥ ಕೈ ನಾನು ಬೇರೆ ಯಾರಲ್ಲೂ ಕಾಣಲಿಲ್ಲ. ಕಣ್ಣು ಮುಚ್ಚಿ ಕಾಲು ಸವರಿ, ಇದು ನಿನ್ನೆಯ ಬಿಸಿ, ಇದು ಇಂದಿನ ಬಿಸಿ ಎನ್ನುತ್ತಿದ್ದ. ಪಶುವೈದ್ಯರೇ ಅವನನ್ನು ಕೇಳಿ ಮುಂದುವರಿಯುತ್ತಿದ್ದರು. ಒಮ್ಮೆ ಟ್ರೇನರು ಬೇರೆ ಊರಿಗೆ ಹೋಗಿದ್ದಾಗ, ತಾನು ನೋಡಿಕೊಳ್ಳುತ್ತಿದ್ದ ಹೆಣ್ಣು ಕುದುರೆಯ ಎಡ ಮುಂಗಾಲು ಬೆಚ್ಚಗಿದೆ ಎಂದು ಎರಡು ದಿನ ಮುಂಚೆಯೇ ಜಮಾದಾರನಿಗೆ ಹೇಳಿದ. ಜಮಾದಾರ ಇನ್ನೊಬ್ಬರಿಗೆ ಹೇಳಿದ. ಆ ಇನ್ನೊಬ್ಬರು ಮರೆತರು. ಎಲ್ಲಿಯೂ ಬರೆದಿರಲಿಲ್ಲ. ಕುದುರೆ ಓಡಿತು. ಕೊನೆಯ ತಿರುವಿನಲ್ಲಿ ನರ ಹರಿದು ನಿಂತಿತು. ವಿಚಾರಣೆ ನಡೆದಾಗ, ಮೊದಲೇ ಏಕೆ ಹೇಳಲಿಲ್ಲ ಎಂದು ಅವನನ್ನೇ ಕೇಳಿದರು. ಹೇಳಿದ್ದೆ ಸ್ವಾಮಿ ಎಂದ. ಹೇಳಿದ್ದಕ್ಕೆ ಗುರುತು ಏನು ಎಂದರು. ಅವನ ಬಳಿ ಗುರುತು ಇರಲಿಲ್ಲ. ಎರಡು ತಿಂಗಳ ಮೇಲೆ ಅವನು ಕೆಲಸ ಬಿಟ್ಟು ಊರಿಗೆ ಹೋದ.

ಒಂದು ಸಾಲು ಬರೆದಿದ್ದರೆ ಸಾಕಾಗಿತ್ತು. ತಾರೀಖು, ಕುದುರೆಯ ಹೆಸರು, ಎಡ ಮುಂಗಾಲು ಬಿಸಿ, ಇಷ್ಟೇ. ಕನ್ನಡದಲ್ಲಿ ಬರೆದಿದ್ದರೂ ಸಾಕಾಗಿತ್ತು. ಆ ಒಂದು ಸಾಲು ಕುದುರೆಯ ಕಾಲನ್ನು ಉಳಿಸುತ್ತಿತ್ತು, ಅವನ ಮಾನವನ್ನೂ ಉಳಿಸುತ್ತಿತ್ತು. ಆ ಹುಡುಗ ಅಸಿಸ್ಟೆಂಟ್ ಟ್ರೇನರ್ ಆಗಬೇಕಾದವನು. ಕೈ ಕಲಿತದ್ದನ್ನು ಕಾಗದಕ್ಕೆ ಇಳಿಸಲು ಬಾರದೆ ಹೋದದ್ದರಿಂದ ಆಗಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಒಂದು ಸಂಗತಿ ಇಂಗ್ಲೆಂಡಿನಲ್ಲಿ ನಡೆದದ್ದುಂಟು. ಅಲ್ಲಿ ರೇಸನ್ನು ನಡೆಸುತ್ತಿದ್ದ ಜಾಕಿ ಕ್ಲಬ್ಬು ಹೆಂಗಸರಿಗೆ ಟ್ರೇನರ್ ಲೈಸೆನ್ಸ್ ಕೊಡುತ್ತಿರಲಿಲ್ಲ. ಫ್ಲಾರೆನ್ಸ್ ನಾಗಲ್, ನೋರಾ ವಿಲ್ಮಟ್ ಮುಂತಾದ ಹೆಂಗಸರು ದಶಕಗಳ ಕಾಲ ಕುದುರೆಗಳನ್ನು ತರಬೇತು ಮಾಡಿ ಗೆಲ್ಲಿಸಿದರೂ ಲೈಸೆನ್ಸ್ ಮಾತ್ರ ಅವರ ಲಾಯದ ಹಿರಿಯ ಆಳಿನ ಹೆಸರಿನಲ್ಲಿ ಇರಬೇಕಾಗಿತ್ತು. ಕೆಲಸ ಅಮ್ಮನವರದು, ಕಾಗದ ಆಳಿನದು. ಫ್ಲಾರೆನ್ಸ್ ನಾಗಲ್ ಸುಮ್ಮನೆ ಕೂರಲಿಲ್ಲ. ಕೋರ್ಟಿಗೆ ಹೋದರು. 1966ರಲ್ಲಿ ಮೇಲಿನ ಕೋರ್ಟಿನ ನ್ಯಾಯಮೂರ್ತಿ ಲಾರ್ಡ್ ಡೆನ್ನಿಂಗ್ ಮತ್ತು ಅವರ ಸಂಗಡಿಗರು, ಮನುಷ್ಯರಿಗೆ ತಮ್ಮ ಕಸುಬನ್ನು ಮಾಡುವ ಹಕ್ಕಿದೆ, ಹೆಂಗಸು ಎಂಬ ಒಂದೇ ಕಾರಣಕ್ಕೆ ಬಾಗಿಲು ಮುಚ್ಚುವುದು ಸರಿಯಲ್ಲ ಎಂಬ ಅಭಿಪ್ರಾಯಪಟ್ಟು ಮೊಕದ್ದಮೆ ಮುಂದುವರಿಯಲು ಬಿಟ್ಟರು. ಕ್ಲಬ್ಬು ಮಣಿಯಿತು. ಅದೇ ವರ್ಷ ಆ ಇಬ್ಬರಿಗೂ ತಮ್ಮ ಹೆಸರಿನಲ್ಲೇ ಲೈಸೆನ್ಸ್ ಸಿಕ್ಕಿತು. ಆಗ ನಾಗಲ್ ಅವರಿಗೆ 71 ವರ್ಷ ವಯಸ್ಸು.

ಎಪ್ಪತ್ತು ದಾಟಿದ ಮೇಲೂ ಆಕೆ ಏಕೆ ಬಿಡಲಿಲ್ಲ? ಗೆಲ್ಲುವುದು ಆಗಲೇ ಆಗಿತ್ತು, ಹಣವೂ ಬರುತ್ತಿತ್ತು. ಆದರೂ ತನ್ನ ಕೆಲಸಕ್ಕೆ ತನ್ನ ಹೆಸರು ಇರಬೇಕೆಂದು ಆಕೆ ಹಿಡಿದಳು. ಇಲ್ಲಿ ಕುಳಿತಿರುವ ಹೆಣ್ಣುಮಕ್ಕಳು ಇದನ್ನು ಗಮನಿಸಬೇಕು. ನಮ್ಮ ದೇಶದಲ್ಲೂ ಹೆಂಗಸರು ಜಾಕಿಗಳಾಗಿದ್ದಾರೆ, ಟ್ರೇನರ್‌ಗಳೂ ಆಗಿದ್ದಾರೆ. ಕುದುರೆಯ ಕಾಲಿನ ಬಿಸಿಯನ್ನು ತಿಳಿಯುವ ಬೆರಳು ಗಂಡಿನದೇ ಆಗಬೇಕೆಂದಿಲ್ಲ. ಎಳೆ ಚಿಗುರನ್ನೂ ಬಲಿತ ಎಲೆಯನ್ನೂ ನೋಡದೆಯೇ ಬೆರಳಿನಲ್ಲಿ ಬೇರ್ಪಡಿಸುವ ನಿಮ್ಮ ಕೈಗೆ ಅದು ಬಾರದ ವಿದ್ಯೆಯೇನೂ ಅಲ್ಲ.

ಹಾಗೆಂದು ಕಾಗದ ಒಂದಿದ್ದರೆ ಸಾಕೆಂದು ನಾನು ಹೇಳುವುದಿಲ್ಲ. ಇಂಗ್ಲೆಂಡಿನ ಜಾನ್ ಗಾಸ್ಡನ್ ಎಂಬ ಟ್ರೇನರ್ ಟ್ರೇನರನ ಮಗನೇ, ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಆದರೂ ಮೊದಲು ನೋಯೆಲ್ ಮರ್‌ಲೆಸ್, ಅನಂತರ ಐರ್ಲೆಂಡಿನ ವಿನ್ಸೆಂಟ್ ಓಬ್ರಿಯನ್ ಎಂಬ ದೊಡ್ಡ ಟ್ರೇನರ್‌ಗಳ ಕೈಕೆಳಗೆ ಅಸಿಸ್ಟೆಂಟ್ ಆಗಿ ದುಡಿದು ಕಲಿತರು. ಅವರೇ ಮುಂದೆ ಎನೇಬಲ್ ಎಂಬ ಹೆಣ್ಣು ಕುದುರೆಯನ್ನು ತಯಾರು ಮಾಡಿ, 2017 ಮತ್ತು 2018ರಲ್ಲಿ ಫ್ರಾನ್ಸಿನ ಆರ್ಕ್ ಪಂದ್ಯವನ್ನು ಗೆಲ್ಲಿಸಿದರು. ಅಷ್ಟು ಓದಿದವರೇ ಲಾಯದಲ್ಲಿ ನಿಂತು ಕಲಿಯಬೇಕಾಯಿತು. ಅವರು ಕಾಗದದ ಕಡೆಯಿಂದ ಬಂದು ಕೈಯನ್ನು ಕಲಿತರು. ನಮ್ಮ ಹುಡುಗರು ಕೈಯ ಕಡೆಯಿಂದ ಹೋಗಿ ಕಾಗದವನ್ನು ಕಲಿಯಬೇಕು. ಬಾಗಿಲು ಒಂದೇ.

ಈಗ ದಾರಿಯ ಮಾತು. ನಮ್ಮ ದೇಶದಲ್ಲಿ ಟ್ರೇನರಿಗೂ ಅಸಿಸ್ಟೆಂಟ್ ಟ್ರೇನರಿಗೂ ಲೈಸೆನ್ಸ್ ಕೊಡುವವರು ಆಯಾ ರೇಸ್ ಕ್ಲಬ್ಬಿನ ಸ್ಟೀವರ್ಡ್‌ಗಳು. ಯಾವ ಕ್ಲಬ್ಬಿನಲ್ಲಿ ಕೆಲಸ ಮಾಡುವಿರೋ ಆ ಕ್ಲಬ್ಬಿನ ಕಚೇರಿಯಲ್ಲೇ ನಿಯಮಗಳನ್ನು ಕೇಳಿ ತಿಳಿಯಬೇಕು. ಲಾಯದಲ್ಲಿ ಎಷ್ಟು ಕಾಲ ದುಡಿದಿದ್ದೀರಿ, ಯಾವ ಟ್ರೇನರ್ ನಿಮ್ಮ ಬಗ್ಗೆ ಒಳ್ಳೆಯ ಮಾತು ಬರೆದುಕೊಡುತ್ತಾರೆ, ನಿಮ್ಮ ನಡತೆ ಹೇಗೆ, ರೇಸಿನ ನಿಯಮಗಳು ಎಷ್ಟು ಗೊತ್ತು, ಇವೇ ಮುಖ್ಯ. ಜಾಕಿಯಾಗಲು ತೂಕ ಕಡಿಮೆ ಇರಬೇಕು, ಹೊಟ್ಟೆ ಕಟ್ಟಬೇಕು. ಅಸಿಸ್ಟೆಂಟ್ ಟ್ರೇನರಿಗೆ ಆ ಕಟ್ಟು ಇಲ್ಲ. ಎತ್ತರವಾಗಿ ಬೆಳೆದು ಜಾಕಿಯಾಗಲಾರದ ಹುಡುಗನಿಗೂ, ಬಿದ್ದು ಪೆಟ್ಟಾಗಿ ಸವಾರಿ ಬಿಟ್ಟವನಿಗೂ ಇದು ತೆರೆದಿದೆ.

ಹೋಗುವ ಹುಡುಗನಿಗೆ ನಾನು ಹೇಳುವ ಕ್ರಮ ಇದು. ಮೊದಲು ಹತ್ತನೆಯ ತರಗತಿ ಮುಗಿಸು. ಹದಿನಾಲ್ಕು ತುಂಬದ ಮಗುವನ್ನು ಲಾಯದ ಕೆಲಸಕ್ಕೆ ಕಳುಹಿಸುವುದು ಕಾನೂನಿಗೂ ವಿರುದ್ಧ, ಮಗುವಿಗೂ ಅನ್ಯಾಯ. ಯಾರೋ ಮಧ್ಯವರ್ತಿ ಬಂದು, ನಿಮ್ಮ ಹುಡುಗ ಸಣ್ಣಗಿದ್ದಾನೆ, ಜಾಕಿ ಮಾಡುತ್ತೇನೆ, ಈಗಲೇ ಕಳುಹಿಸಿ ಎಂದರೆ ನಂಬಬೇಡಿ. ಹತ್ತನೆಯ ತರಗತಿ ಮುಗಿದ ಮೇಲೆ ಸೈಸ್ ಆಗಿ ಸೇರಿದರೂ ಚಿಂತೆಯಿಲ್ಲ. ಸೇರಿದ ದಿನವೇ ಒಂದು ನೋಟುಪುಸ್ತಕ ಕೊಂಡುಕೋ. ನೋಡಿಕೊಳ್ಳುವ ಎರಡು ಮೂರು ಕುದುರೆಗಳ ಮೈ ಬಿಸಿ, ತಿಂದ ಮೇವು, ಕಾಲಿನ ಸ್ಥಿತಿ, ಲಾಳ ಕಟ್ಟಿದ ದಿನ, ಕೊಟ್ಟ ಔಷಧಿ ಎಲ್ಲವನ್ನೂ ದಿನಾಲೂ ಕನ್ನಡದಲ್ಲಿ ಬರೆ. ಒಂದು ವರ್ಷದಲ್ಲಿ ಆ ಪುಸ್ತಕ ನಿನಗೆ ಗುರುವಾಗುತ್ತದೆ. ಔಷಧಿಯ ಡಬ್ಬಿಯ ಮೇಲಿನ ಇಂಗ್ಲಿಷನ್ನು ಒಂದೊಂದೇ ಅಕ್ಷರ ಕೂಡಿಸಿ ಓದು. ವೈದ್ಯರ ಪಕ್ಕದಲ್ಲಿ, ಲಾಳ ಕಟ್ಟುವವನ ಪಕ್ಕದಲ್ಲಿ ನಿಂತು ಏಕೆ ಎಂದು ಕೇಳು. ಮೊದಲು ಬೈದರೂ ಆಮೇಲೆ ಹೇಳಿಕೊಡುತ್ತಾರೆ. ಕಲಿಯುವವನನ್ನು ಕಂಡರೆ ಕಸುಬಿನವರಿಗೆ ಒಳಗೊಳಗೇ ಸಂತೋಷ.

ಸೇರುವ ಮೊದಲು ಕೇಳಬೇಕಾದ ಪ್ರಶ್ನೆಗಳೂ ಇವೆ. ತಂದೆತಾಯಿಗಳು ನಾಚಿಕೆಯಿಲ್ಲದೆ ಕೇಳಬೇಕು. ನನ್ನ ಮಗನಿಗೆ ಸಂಬಳ ಕೊಡುವವರು ಯಾರು, ಕ್ಲಬ್ಬೋ ಟ್ರೇನರೋ? ನೇಮಕದ ಪತ್ರ ಕೊಡುತ್ತೀರಾ? ಭವಿಷ್ಯನಿಧಿ ಉಂಟೇ? ಕುದುರೆ ಒದ್ದು ಕಾಲು ಮುರಿದರೆ ಆಸ್ಪತ್ರೆಯ ಖರ್ಚು ಯಾರದು? ಮಲಗಲು ಕೋಣೆ ಉಂಟೇ ಅಥವಾ ಕುದುರೆಯ ಪಕ್ಕದಲ್ಲೇ ಮಲಗಬೇಕೇ? ವಾರಕ್ಕೆ ಒಂದು ದಿನ ರಜೆ ಉಂಟೇ? ರೇಸ್ ಕ್ಲಬ್ಬುಗಳು ಇ.ಎಸ್.ಐ. ಕಾಯಿದೆಯ ಕೆಳಗೆ ಬರುತ್ತವೆಯೇ ಎಂದು ಬಹಳ ವರ್ಷ ವ್ಯಾಜ್ಯ ನಡೆದು, 2014ರ ಜುಲೈ ತಿಂಗಳಲ್ಲಿ ಬೆಂಗಳೂರು ಟರ್ಫ್ ಕ್ಲಬ್ಬಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಬರುತ್ತವೆ ಎಂದು ಹೇಳಿತು. ಕ್ಲಬ್ಬು ಕೊಡುವ ಸೇವೆಯನ್ನು ನೋಡಿದರೆ, ಆ ಕಾಯಿದೆಯ ಮಟ್ಟಿಗೆ ಅದೂ ಒಂದು ಅಂಗಡಿಯೇ ಎಂಬುದು ತೀರ್ಪಿನ ತಾತ್ಪರ್ಯ. ಆದರೆ ಕ್ಲಬ್ಬಿನ ನೌಕರ ಬೇರೆ, ಟ್ರೇನರ್ ಇಟ್ಟುಕೊಂಡ ಸೈಸ್ ಬೇರೆ. ಆದುದರಿಂದಲೇ ನೀನು ಯಾರ ನೌಕರ ಎಂದು ಮೊದಲ ದಿನವೇ ಬರವಣಿಗೆಯಲ್ಲಿ ಪಡೆದುಕೊಳ್ಳಬೇಕು ಎನ್ನುತ್ತೇನೆ. ಇಲ್ಲಿಯೂ ಮತ್ತೆ ಕಾಗದದ ಮಾತೇ ಬಂತು ನೋಡಿ.

ಈ ಕಸುಬಿನ ಅಡಿಗಲ್ಲು ಅಷ್ಟು ಗಟ್ಟಿಯಲ್ಲ ಎಂಬುದನ್ನೂ ಮುಚ್ಚಿಡಬಾರದು. ಊಟಿಯಲ್ಲಿ ಆದದ್ದನ್ನು ಕಂಡಿದ್ದೀರಿ. ಪಂದ್ಯದ ಹಣದ ಮೇಲೆ 2023ರ ಅಕ್ಟೋಬರಿನಿಂದ ಕಟ್ಟಿದ ಪೂರ್ತಿ ಮೊತ್ತಕ್ಕೆ ನೂರಕ್ಕೆ 28ರಂತೆ ಜಿ.ಎಸ್.ಟಿ. ಬಿತ್ತು, 2025ರ ಸೆಪ್ಟೆಂಬರಿನಲ್ಲಿ ಅದು 40ಕ್ಕೆ ಏರಿತು. ಜೂಜು ಕಡಿಮೆಯಾದರೆ ನಮಗೆ ದುಃಖವಿಲ್ಲ. ಆದರೆ ಲಾಯದ ಸಂಬಳವೂ ಕೊನೆಗೆ ಅದೇ ಹಣದಿಂದ ಬರುತ್ತದೆ ಎಂಬುದು ನಿಜ. ಇಂಥ ಕಸುಬಿನಲ್ಲಿ ಬರೀ ಹುಲ್ಲು ಹೊರಲು ಕಲಿತವನು ಲಾಯ ಮುಚ್ಚಿದ ದಿನ ಬೀದಿಗೆ ಬರುತ್ತಾನೆ. ಕುದುರೆಯ ರೋಗ, ಮೇವು, ಲಾಳ, ಲೆಕ್ಕ ಇವನ್ನೆಲ್ಲ ಕಲಿತವನಿಗೆ ಕುದುರೆ ಸಾಕುವ ಫಾರಂ, ಪೊಲೀಸ್ ಕುದುರೆ ಲಾಯ, ಸವಾರಿ ಶಾಲೆ, ಪಶು ಆಸ್ಪತ್ರೆ ಎಲ್ಲಿಯಾದರೂ ಬಾಗಿಲು ತೆರೆದೀತು. ವಿದ್ಯೆಯನ್ನು ಯಾವ ಸರ್ಕಾರವೂ ವಶಕ್ಕೆ ತೆಗೆದುಕೊಳ್ಳಲಾರದು.

ಕೊನೆಯದಾಗಿ ಒಂದು ಕಷ್ಟದ ಮಾತು. ಅಸಿಸ್ಟೆಂಟ್ ಟ್ರೇನರ್ ಆದವನಿಗೆ ಒಂದು ದಿನ ಪರೀಕ್ಷೆ ಬಂದೇ ಬರುತ್ತದೆ. ಕುದುರೆಯ ಕಾಲು ಬೆಚ್ಚಗಿದೆ. ನಾಳೆ ದೊಡ್ಡ ಪಂದ್ಯ. ಒಡೆಯರು ದೂರದಿಂದ ಬಂದಿದ್ದಾರೆ. ಟ್ರೇನರ್ ನಿನ್ನ ಮುಖ ನೋಡುತ್ತಾರೆ. ಓಡಬಹುದು ಎಂಬ ಒಂದು ಮಾತಿಗೆ ಎಲ್ಲರೂ ಕಾದಿರುತ್ತಾರೆ. ಓಡಬಾರದು ಎಂದು ಹೇಳಲು ಧೈರ್ಯ ಬೇಕು. ಆ ಕುದುರೆಗೆ ಬಾಯಿಲ್ಲ. ಅದರ ಬೆನ್ನ ಮೇಲೆ ಕೂರುವ ಜಾಕಿಯೂ ಯಾವುದೋ ತಾಯಿಯ ಮಗ. ಕುದುರೆ ಮುಗ್ಗರಿಸಿದರೆ ಅವನೂ ಬೀಳುತ್ತಾನೆ. ಬಾಯಿಲ್ಲದ ಪ್ರಾಣಿಯ ಪರವಾಗಿ, ಕಾಣದ ತಾಯಿಯ ಪರವಾಗಿ ಬೇಡ ಎಂದು ಹೇಳಬಲ್ಲವನೇ ಆ ಹುದ್ದೆಗೆ ತಕ್ಕವನು. ಹಾಗೆ ಹೇಳುವಾಗ ಕೈಯಲ್ಲಿ ಬರೆದ ಪುಸ್ತಕವಿದ್ದರೆ ಮಾತಿಗೆ ತೂಕ ಬರುತ್ತದೆ. ಮೂರು ದಿನದ ಬಿಸಿ ಇಲ್ಲಿದೆ ನೋಡಿ ಎಂದು ತೆರೆದು ತೋರಿಸಬಹುದು. ಬಡವನ ಬಾಯಿಮಾತನ್ನು ತಳ್ಳಿಹಾಕುವುದು ಸುಲಭ. ತಾರೀಖು ಹಾಕಿ ಬರೆದ ಸಾಲನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ.

ತಾಯಂದಿರೇ, ಮಕ್ಕಳನ್ನು ಈ ಕಸುಬಿಗೇ ಕಳುಹಿಸಿ ಎಂದು ನಾನು ಹೇಳಲು ಬಂದಿಲ್ಲ. ಹೋಗುವ ಹುಡುಗನಿಗೆ ಕುದುರೆಯ ಮೇಲೆ ನಿಜವಾದ ಪ್ರೀತಿ ಇದೆಯೇ, ಬೆಳಗ್ಗೆ ನಾಲ್ಕಕ್ಕೆ ಏಳುತ್ತಾನೆಯೇ, ಚೀಟಿ ಕೊಳ್ಳುವ ಕಿಟಕಿಯ ಕಡೆ ತಿರುಗದೆ ಇರಬಲ್ಲನೇ ಎಂದು ನೋಡಿ. ಇದ್ದರೆ ತಡೆಯಬೇಡಿ. ಟ್ರಂಕಿನಲ್ಲಿ ಬಟ್ಟೆ, ಕಂಬಳಿ ಇಡುವಾಗ ಒಂದು ದಪ್ಪ ನೋಟುಪುಸ್ತಕ, ಎರಡು ಪೆನ್ಸಿಲ್ ಇಡುವುದನ್ನು ಮಾತ್ರ ಮರೆಯಬೇಡಿ.

ಪ್ರಶ್ನೆಗಳಿದ್ದರೆ ಚಹಾ ಕುಡಿಯುತ್ತಾ ಮಾತನಾಡೋಣ.